ಕಂಬಳಿಯ ಜೋಡು

ಕುರಿ ಕಾಯುವ ಪೀರಪ್ಪನ ಹೆಂಡತಿ ಮಾಣಿಕಮ್ಮ ಇಪ್ಪತ್ತು ವರ್ಷ ದಬ್ಬಣ ಹಿಡಿದು ಕಂಬಳಿಯ ಪಟ್ಟಿಗಳನ್ನು ಜೋಡಿಸಿದವಳು. ಈಗ ಅವಳ ಬೆರಳುಗಳು ಮಡಚಲೊಲ್ಲವು. ಮೊದಲ ಹೊಲಿಗೆ ಮಿಷಿನು ಕೊಳ್ಳಲು ಗಂಡಹೆಂಡತಿ ಸಿರ್ಗಾಪುರದಿಂದ ನಾರಾಯಣಖೇಡಕ್ಕೆ ಬಂದಿದ್ದರು.

“ಮೋಟಾರಿಂದೇ ಒಯ್ರಿ, ಗಾಳಿಹಂಗ ಓಡ್ತದ,” ಎಂದು ಅಂಗಡಿಯವನು ತೆಳು ಬಟ್ಟೆಯ ಮೇಲೆ ಸರ್ರನೆ ಹೊಲಿದು ತೋರಿಸಿದ. ಪೀರಪ್ಪ ಆಗಲೇ ಒಪ್ಪಿ ತಲೆಯಾಡಿಸಿದ್ದ. ಮಾಣಿಕಮ್ಮ ಚೀಲದಿಂದ ಕಂಬಳಿಯ ಎರಡು ತುಂಡು ತೆಗೆದು ಮುಂದಿಟ್ಟಳು.

“ಇವನ್ನ ಜೋಡಿಸ್ರಿ.”

“ಯವ್ವಾ, ಇದು ಹೊಸಾ ಮಿಷಿನು!”

“ನಾವೂ ಹಳೇದು ತಗೋಳಾಕ ಬಂದಿಲ್ರಿ.”

ಅಂಗಡಿಯವನು ಗೊಣಗುತ್ತ ಹೊಲಿದ. ಟಕ್ಕನೆ ಸೂಜಿ ಮುರಿದು ಪೀರಪ್ಪನ ಎದೆಗೆ ಸಿಡಿಯಿತು.

“ಮಂದ್ಯಾಗ ಮಾನ ಕಳೀತಿ ಏನು? ನಡಿ ಮನಿಗಿ!” ಎಂದು ಅವನು ಹೆಂಡತಿಯ ಮೇಲೆ ಗುಡುಗಿದ.

ಮನೆಗೆ ಹೋದರೆ ಮತ್ತೆ ದಬ್ಬಣವೇ. ಮಾಣಿಕಮ್ಮ ಮೂಲೆಯಲ್ಲಿದ್ದ, ಕಾಲಿನಿಂದ ತುಳಿಯುವ ಕಪ್ಪು ಮಿಷಿನಿನ ಮುಂದೆ ಹೋಗಿ ಕುಳಿತಳು. “ಇದಕ್ಕ ದಪ್ಪನ ಸೂಜಿ ಹಾಕ್ರಿ,” ಎಂದಳು. ಅಂಗಡಿಯವನು ಹಾಕಿಕೊಟ್ಟ ಮೇಲೆ ತುಂಡುಗಳನ್ನು ಸೂಜಿಯಡಿ ಇಟ್ಟು, ತುಳಿಯಲು ಬಾರದೆ ಚಕ್ರವನ್ನು ಅಂಗೈಯಿಂದ ಮೆಲ್ಲಗೆ ತಿರುಗಿಸಿದಳು. ಸೂಜಿ ಉಣ್ಣೆಯೊಳಗೆ ಇಳಿಯಿತು, ತಡೆಯಿತು, ಮತ್ತೆ ಎದ್ದಿತು. ಹಾಗೇ ಒಂದು ಗೇಣು ಹೊಲಿಗೆ ಮುಗಿಯಿತು.

ಪೀರಪ್ಪ ತುಂಡನ್ನು ಕಸಿದು ಎರಡೂ ಕೈಯಿಂದ ಜಗ್ಗಿದ. ಜೋಡು ಬಿಡಲಿಲ್ಲ.

“ಇದನ್ನೇ ಕಟ್ರಿ,” ಎಂದ ಅಂಗಡಿಯವನಿಗೆ, ಹೆಂಡತಿಯ ಮುಖ ನೋಡದೆ.