ಲಗಾಮು ಮನೆಯಲ್ಲೇ ಉಳಿದಿತ್ತು

ಕುದುರೆ ಕದ್ದು ಓಡುವವನು ಲಗಾಮನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾನೆಯೇ?

ನಮ್ಮ ಇತಿಹಾಸದ ಸರ್ ಪುಸ್ತಕಗಳನ್ನು ಕಟ್ಟುತ್ತಿದ್ದುದು ಒಂದು ಹಳೆಯ ಲಗಾಮಿನ ಪಟ್ಟಿಯಿಂದ. ಕಪ್ಪು ಚರ್ಮ, ಮೈತುಂಬ ಬಿರುಕು, ಹಿಡಿದು ಹಿಡಿದು ನುಣುಪಾದ ಅಂಚು. ಮಳೆಗಾಲದಲ್ಲಿ ಅದರ ವಾಸನೆ ಮೊದಲ ಬೆಂಚಿನವರೆಗೂ ಬರುತ್ತಿತ್ತು. ಅದರ ಬಗ್ಗೆ ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ಓಡಾಡುತ್ತಿದ್ದ ಕಥೆ ಒಂದೇ. ಸರ್ ಅವರ ಅಪ್ಪ ಕಂಪ್ಲಿಯ ಸಾವ್ಕಾರರೊಬ್ಬರ ಜಟಕಾ ಹೊಡೆಯುತ್ತಿದ್ದ; ಬಸುರಿ ಹೆಂಡತಿಯನ್ನು ಬಿಟ್ಟು, ಸಾವ್ಕಾರರ ಕುದುರೆ ಕದ್ದು, ಹೊಳೆ ದಾಟಿ ಪರಾರಿಯಾದ. ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಆದರೆ ಒಂದು ಕಾಲಕ್ಕೆ ಇದನ್ನೇ ಹೇಳಿ ಕ್ಲಾಸನ್ನು ನಗಿಸಿದವಳೂ ನಾನೇ.

ಶನಿವಾರ ಮಧ್ಯಾಹ್ನ ಖಾಲಿ ಕೋಣೆಯೊಂದರಲ್ಲಿ ಸರ್ ನಮಗೆ ಚರ್ಚಾಸ್ಪರ್ಧೆಯ ತಯಾರಿ ಮಾಡಿಸುತ್ತಿದ್ದರು. ಅವರದೊಂದು ವಿಚಿತ್ರ ನಿಯಮವಿತ್ತು. ಉತ್ತರ ಕೊಡುವ ಮೊದಲು ಎದುರಾಳಿಯ ವಾದವನ್ನು ನಾವೇ ಹೇಳಬೇಕು, ಅವನು "ಹೌದು, ನಾ ಹೇಳಿದ್ದು ಇದನ್ನ" ಎಂದು ತಲೆಯಾಡಿಸುವವರೆಗೆ. ಮಾತಿಗೆ ಮಾತು ಎಸೆಯುವ ಚಟದ ನನಗೆ ಅದು ಹಿಂಸೆ.

ನಾನಿನ್ನೂ ಮೊದಲ ವರ್ಷದಲ್ಲಿದ್ದೆ. ಬ್ರಿಟನ್ನಿನ ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿದ್ದು ಕರುಣೆಯೋ ಕ್ರೌರ್ಯವೋ ಎಂಬುದು ಆ ವಾರದ ವಿಷಯ. ಆಗ ಬ್ರಿಟನ್ನಿನಲ್ಲಿ ಕುದುರೆ ಕದ್ದರೆ ಗಲ್ಲು ಇತ್ತು, ಎಷ್ಟೋ ಜನರಿಗೆ ಗಲ್ಲಿನ ಬದಲು ಹಡಗು ಸಿಕ್ಕಿತು ಎಂದು ಸರ್ ಪಾಠ ಮಾಡಿದ್ದರು. ನಾನು ಕರುಣೆಯ ಪಕ್ಷ. "ಒಂದು ಕುದುರೆಗೆ ಬದಲಾಗಿ ಒಂದು ಖಂಡ! ಪಾಪ, ನಮ್ಮ ಕಂಪ್ಲಿಯ ಜಟಕಾದವನಿಗೆ ಸರ್ಕಾರಿ ಹಡಗೂ ಇರಲಿಲ್ಲ, ಸ್ವಂತ ಖರ್ಚಿನಲ್ಲಿ ಹೊಳೆ ದಾಟಬೇಕಾಯಿತು" ಎಂದೆ. ಕಂಪ್ಲಿಯ ಅತ್ತೆಯ ಬಾಯಲ್ಲಿ ಕೇಳಿದ್ದ ಕಥೆ ಅದು. ಆ ಜಟಕಾದವ ಯಾರ ಅಪ್ಪ ಎಂದು ಅತ್ತೆ ಹೇಳಿರಲಿಲ್ಲ. ನಗು ಎದ್ದು ಅರ್ಧಕ್ಕೇ ನಿಂತಿತು. ಅವನು ಸರ್ ಅವರ ಅಪ್ಪನೇ ಎಂದು ಪಕ್ಕದ ಗೆಳತಿ ತೊಡೆ ಚಿವುಟಿ ಕಿವಿಯಲ್ಲಿ ಹೇಳಿದಳು.

ಸರ್ ಸಿಟ್ಟಾಗಲಿಲ್ಲ. "ಹಡಗು ಹತ್ತಿದಾತನ ಬಗ್ಗೆ ಚಲೋ ಮಾತಾಡಿದಿ. ದಡದಾಗ ನಿಂತಾಕಿ ಬಗ್ಗೆ ಒಂದು ಮಾತೂ ಇಲ್ಲಲ್ಲವ್ವಾ?" ಎಂದರು. ಅಷ್ಟೇ.

ಸೋಮವಾರ ಕ್ಷಮೆ ಕೇಳಲು ಹೋದೆ. "ಕುಂದ್ರು" ಎಂದು ತಾವೇ ಚಹಾ ತರಿಸಿದರು. "ನಮ್ಮವ್ವ ಹೇಳೋದು ಬ್ಯಾರೆ ಐತಿ. ಕುದುರಿ ಹಗ್ಗ ಹರಕೊಂಡು ಹೋತು, ಅಪ್ಪ ಈ ಲಗಾಮು ಮನ್ಯಾಗ ಬಿಟ್ಟು, ಹೊಳಿ ದಾಟಿ ಹುಡುಕಾಕ ಹೋದ. ಕುದುರಿ ಇಲ್ಲದ ಬಂದ್ರ ಜೇಲಿಗೆ ಹಾಕಸ್ತೀನಿ ಅಂದಿದ್ರಂತ ಸಾವ್ಕಾರ್ರು. ಕುದುರಿ ಸಿಗಲಿಲ್ಲೇನೋ, ಆತ ಬರಲಿಲ್ಲ."

ನಾನು ಎದ್ದು ನಿಂತೇಬಿಟ್ಟೆ. "ಹಾಗಾದರೆ ಲಗಾಮು ಮನೆಯಲ್ಲೇ ಇತ್ತಲ್ಲ ಸರ್! ಕದಿಯುವವನು ಅದನ್ನು ಬಿಟ್ಟು ಹೋಗ್ತಾನಾ? ಇದೇ ಸಾಕ್ಷಿ!"

"ಅದು ಸಾಕ್ಷಿ ಅಲ್ಲವ್ವಾ. ಹಗ್ಗ ಹಾಕ್ಕೊಂಡೂ ಒಯ್ಯಬಹುದು. ನಮ್ಮಪ್ಪ ಅಂತ ರಿಯಾಯಿತಿ ಬ್ಯಾಡ." ನಕ್ಕರು, ಪಟ್ಟಿಯ ಗಂಟನ್ನು ಬಿಗಿ ಮಾಡಿಕೊಂಡರು.

ತಾಯಿ ಅವರನ್ನು ಹೆತ್ತು ಬೆಳೆಸಿದ್ದು ತವರಾದ ಬುಕ್ಕಸಾಗರದಲ್ಲಿ. ಸರ್ ಆಗಾಗ ಕಂಪ್ಲಿಯ ಬಸ್ಸು ಹತ್ತುತ್ತಿದ್ದರು, ದಾರಿಯ ಬುಕ್ಕಸಾಗರದಲ್ಲೇ ಇಳಿದುಬಿಡುತ್ತಿದ್ದರು. ಮುಂದಕ್ಕೆ ಟಿಕೆಟ್ ತೆಗೆಸಿದವರಲ್ಲ. "ಶಿಕ್ಷೆ ಮುಗದೋರಿಗೂ ವಾಪಸ್ ಬರಾಕ ಯಾರೂ ಹಡಗು ಕೊಡಲಿಲ್ಲ" ಎಂದು ಅವರು ಪಾಠದಲ್ಲಿ ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದುದು ಯಾಕೆಂದು ನನಗೆ ಆಮೇಲೆ ಅರ್ಥವಾಯಿತು.

ಹೋದ ವರ್ಷ ಸರ್ ತೀರಿಕೊಂಡರು. ಅವರ ಮನೆಯವರು ಪಟ್ಟಿಯನ್ನು ನನ್ನ ಕೈಗಿಟ್ಟು, "ವಾದ ಮಾಡೋ ಹುಡುಗಿಗೆ ಕೊಡು ಅಂದಿದ್ರವ್ವಾ" ಎಂದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ನಾನು ಕಂಪ್ಲಿಗೆ ಟಿಕೆಟ್ ತೆಗೆದುಕೊಂಡೆ.

ಸಾವ್ಕಾರರ ಮಗ ಈಗ ಎಪ್ಪತ್ತು ದಾಟಿದ ಮುದುಕರು. ಪಡಸಾಲೆಯಲ್ಲಿ ಕೂರಿಸಿ ಮಂಡಕ್ಕಿ ಕೊಟ್ಟರು. ಜಗಳಕ್ಕೆಂದೇ ಹೋದವಳು ನಾನು. ಆದರೆ ಸರ್ ಅವರ ನಿಯಮ ನಾಲಿಗೆಯನ್ನು ಹಿಡಿದುಕೊಂಡಿತು. ಮೊದಲು ಅವರ ವಾದವನ್ನೇ ಹೇಳಿದೆ: "ನಿಮ್ಮಪ್ಪಾರು ನಂಬಿ ಕುದುರಿ ಕೊಟ್ಟಿದ್ರು. ಜಟಕಾದಾತ ನಂಬಿಕಿ ಮುರಿದ. ನಿಮ್ಮ ಮನಿಗೆ ಲುಕ್ಸಾನ ಆತು. ಹೌದಲ್ರೀ?"

"ಹೌದವ್ವಾ, ಭಾಳ ಚಂದ ಹೇಳಿದಿ" ಎಂದು ಮುದುಕರು ಅರಳಿದರು. "ಆದ್ರ ಲುಕ್ಸಾನ ಅನಬ್ಯಾಡ. ಏನ್ ಕುದುರಿ ಅದು! ನಾನು ಸವಾರಿ ಕಲ್ತಿದ್ದು ಅದರ ಮ್ಯಾಲೇ. ಮುದಿ ಆಗಿ ಸತ್ತಾಗ ಹಿತ್ತಲದಾಗ ಹುಗದ್ವಿ."

"ಯಾವ ಕುದುರಿ?"

"ಅದಾ ಕುದುರಿ. ವಾರ ಆದ ಮ್ಯಾಲ ತಾನಾ ತಿರುಗಿ ಬಂತಲ್ಲ…"

ಮಂಡಕ್ಕಿಗೆ ಹೋಗುತ್ತಿದ್ದ ಅವರ ಕೈ ಅಲ್ಲೇ ನಿಂತಿತು. ನಾನು ಚೀಲದಿಂದ ಪಟ್ಟಿಯನ್ನು ತೆಗೆದು ಇಬ್ಬರ ನಡುವೆ ಚಾಪೆಯ ಮೇಲಿಟ್ಟೆ. ಅವರು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಇದು ಸಾಕ್ಷಿಯಾ ಸರ್, ಎಂದು ಮನಸ್ಸಿನಲ್ಲೇ ಕೇಳಿಕೊಂಡೆ. ಬಾಯಲ್ಲಿ ಕೇಳಿದ್ದು ಇಷ್ಟೇ:

"ಕುದುರಿ ಬಂದೈತಿ, ನೀನೂ ಬಾ ಅಂತ ಹೊಳಿ ಆಚಿಗೆ ಒಂದು ಮಾತು ಯಾಕ ಕಳಸಲಿಲ್ರೀ?"