ವರ್ನಾ ಹೊರಡಿಸಿದ ಶವಯಾತ್ರೆ

ವೆಸ್ಟ್ ವರ್ಜೀನಿಯಾದ ನಮ್ಮ ಗಣಿ ಊರಲ್ಲಿ, ಗಂಡನ ಏಟು ತಾಳಲಾರದೆ ಓಡಿಬಂದ ಹೆಂಗಸರನ್ನು ಬಚ್ಚಿಡುವ ಮನೆಯೊಂದಿತ್ತು. ಬೋರ್ಡಿಲ್ಲ, ವಿಳಾಸ ಯಾರಿಗೂ ಹೇಳುವಂತಿಲ್ಲ. ನನ್ನವರು ತೀರಿಕೊಂಡ ಮೇಲೆ ನಾನು ಅಲ್ಲಿ ಅಡುಗೆಗೆ ಸೇರಿದೆ. ನಡೆಸುತ್ತಿದ್ದವಳು ಹೇಳದೆ ಕೇಳದೆ ಬಿಟ್ಟುಹೋದಾಗ ಆ ಹೊಣೆಗೆ ಒಪ್ಪಿದವಳು ಅಲ್ಲೇ ಕೆಲಸಕ್ಕಿದ್ದ ವರ್ನಾ ಒಬ್ಬಳೇ. ಗಟ್ಟಿಗಿತ್ತಿಯೇನಲ್ಲ. ಯಾರಾದರೂ ಬಾಗಿಲು ಬಡಿದರೆ ನನಗಿಂತ ಮೊದಲು ಅವಳ ಮುಖ ಬಿಳಿಚುತ್ತಿತ್ತು.

ಆ ಭಾನುವಾರ ಹಂದಿಮಾಂಸ ಹಾಕಿ ಬೀನ್ಸ್ ಕಾಳು ಬೇಯಿಸುತ್ತಿದ್ದೆ. ನಮ್ಮ ಸಂಸ್ಥೆಯ ಅಧ್ಯಕ್ಷರು ಪ್ರೂಯಿಟ್, ಚರ್ಚಿನಿಂದ ನೇರ ಬಂದವರು, ಹಿಗ್ಗುತ್ತ ಅಲ್ಲಿ ಹಂಚಿದ ಚರ್ಚಿನ ವಾರಪತ್ರಿಕೆ ಚಾಚಿದರು. ನಮಗೆ ಹೊಸ ಚಾವಣಿ ಹಾಕಿಸಿಕೊಟ್ಟವರ ಫೋಟೋ. ಅವರ ಬೆನ್ನ ಹಿಂದೆ ನಮ್ಮ ಮನೆ, ಅದರಾಚೆ ಊರಿನ ನೀರಿನ ಟ್ಯಾಂಕು. ಆ ಟ್ಯಾಂಕು ನೋಡಿದರೆ ಮನೆ ಎಲ್ಲಿದೆ ಎಂದು ಯಾರಿಗೂ ತಿಳಿಯುವಂತಿತ್ತು.

"ಅಯ್ಯೋ, ಏನ್ ಮಾಡ್ಬಿಟ್ರಿ ಸಾರ್!" ಎಂದಳು ವರ್ನಾ.

"ಕೊಟ್ಟೋರಿಗೆ ನಾಲ್ಕು ಜನರ ಮುಂದೆ ಥ್ಯಾಂಕ್ಸ್ ಹೇಳ್ಬಾರ್ದೇನಮ್ಮಾ? ಹೇಳ್ದಿದ್ರೆ ಮುಂದೆ ಯಾರ್ ಕೊಡ್ತಾರೆ?"

"ರೊಶೆಲ್‌ಳ ಗಂಡನ ತಾಯಿ ಅದೇ ಚರ್ಚಿಗೆ ಬರ್ತಾಳೆ."

ಗಂಡನಿಂದ ತಪ್ಪಿಸಿಕೊಂಡು ನಮ್ಮಲ್ಲಿಗೆ ಬಂದಿದ್ದ ರೊಶೆಲ್ ಮೂಲೆಯಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದಳು; ಅವಳ ಕೈ ನಿಂತುಹೋಯಿತು. ಪರದೆಯ ಸಂದಿಯಲ್ಲಿ ನೋಡಿದರೆ ಒಂದು ನೀಲಿ ಟ್ರಕ್ಕು ಪ್ರತಿ ಮನೆಯ ಮುಂದೂ ನಿಂತು ನಿಂತು ಬರುತ್ತಿತ್ತು.

"ಅವನೇ, ಮಿಸ್ ಓಪಲ್, ನನ್ ಗಂಡ," ಎಂದಳು ರೊಶೆಲ್ ನನ್ನ ತೋಳು ಹಿಡಿದು. "ಹೋದ್ಸಲ ಕೈ ಮುರ್ದ. ಈ ಸಲ ಜೀವಸಹಿತ ಬಿಡಲ್ಲ."

ಪೊಲೀಸರು ಬೆಟ್ಟ ಸುತ್ತಿ ಬರಬೇಕು, ಅಷ್ಟು ಹೊತ್ತು ಕಾಯುವಂತಿರಲಿಲ್ಲ. ವರ್ನಾ ಫೋನ್ ಮಾಡಿದ್ದು ಶವಸಂಸ್ಕಾರ ನಡೆಸುವ ಎವರೆಟ್‌ಗೆ.

"ನಿನ್ ಗಾಡಿಗಳೆಲ್ಲಾ ಬೇಕು ಕಣೋ. ಹಿಂದಿನ ಓಣಿಗೆ ತಗೊಂಬಾ."

"ಯಾರ್ ಹೋದ್ರು, ವರ್ನಾ?"

"ಇನ್ನೂ ಯಾರೂ ಹೋಗಿಲ್ಲ. ಅದಕ್ಕೇ ಬೇಗ ಬಾ."

ಆಮೇಲೆ ಪ್ರೂಯಿಟ್ ಕಡೆ ತಿರುಗಿದಳು. "ನೀವು ಮುಂಬಾಗಿಲಲ್ಲಿ ನಿಂತ್ಕೊಳ್ಳಿ. ಬಂದ್ರೆ ಮಾತಲ್ಲೇ ಹಿಡಿದಿಡಿ. ಅದೊಂದು ನಿಮಗೆ ಚೆನ್ನಾಗಿ ಬರುತ್ತೆ."

ಮುಂದೆ ಖಾಲಿ ಶವದ ಗಾಡಿ, ಹಿಂದೆ ಕಪ್ಪು ಗಾಜಿನ ಎರಡು ಉದ್ದನೆಯ ಕಾರುಗಳು, ಶವಯಾತ್ರೆಯ ರೂಢಿಯಂತೆ ಹಗಲಲ್ಲೇ ದೀಪ ಹಚ್ಚಿಕೊಂಡು ಹೊರಟೆವು. ಹೆಂಗಸರು, ಮಕ್ಕಳು ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಮುದುರಿದ್ದರು. ತಿರುವಿನಲ್ಲಿ ನೀಲಿ ಟ್ರಕ್ಕು ಎದುರಾಯಿತು.

ನಮ್ಮ ಕಡೆ ಶವಯಾತ್ರೆ ಬಂದರೆ ಎಂಥ ಕಟುಕನೂ ಗಾಡಿ ಪಕ್ಕಕ್ಕೆ ಹಾಕುತ್ತಾನೆ. ಅವನೂ ಹಾಕಿದ. ಟೋಪಿ ತೆಗೆದು ತಲೆ ಬಾಗಿಸಿದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅವನ ಹೆಂಡತಿ ಹಾದುಹೋದಳು. ಮಗುವಿನ ಬಾಯಿ ಮುಚ್ಚಿದ್ದ ನನ್ನ ಅಂಗೈಗೆ ಅದರ ಹಲ್ಲು ಒತ್ತುತ್ತಿತ್ತು.

ಜಿಲ್ಲೆ ದಾಟಿದ ಮೇಲೆ ವರ್ನಾ ಇಳಿದು ರಸ್ತೆಬದಿಯಲ್ಲಿ ವಾಂತಿ ಮಾಡಿಕೊಂಡಳು.

"ಮುಂದೇನೇ?" ಎಂದೆ.

"ಗೊತ್ತಿಲ್ಲ, ಮಿಸ್ ಓಪಲ್. ಆ ಮನೆ ಮುಗೀತು. ಹತ್ತಿ, ಇನ್ನೊಂದು ಹುಡುಕೋಣ."

ಹುಡುಕಿದಳು. ಸೊಂಟ ಸೋಲುವವರೆಗೂ ಆ ಹೊಸ ಮನೆಯನ್ನು ನಡೆಸಿದಳು. ಬಾಗಿಲು ಬಡಿದಾಗ ಕೊನೆಯವರೆಗೂ ಬಿಳಿಚುತ್ತಲೇ ಇದ್ದಳು. ಆ ಮನೆ ಎಲ್ಲಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ.