ಮೇನ್ ಸ್ವಿಚ್ ಕೆಳಗಿನ ಚಪ್ಪಲಿ

ನಮ್ಮನೆಯವರು ಕರೆಂಟ್ ಕೆಲಸದವರು. ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ಮದುವೆಯಾದ ಹೊಸತರಲ್ಲಿ ನಮ್ಮಮ್ಮ ನನ್ನ ಪಕ್ಕಕ್ಕೆ ಕರೆದು ಕೇಳಿದ್ದಳು, "ಅಳಿಯಂದಿರು ಮಾತೇ ಆಡಲ್ಲವಲ್ಲೇ, ನಮ್ಮ ಮೇಲೆ ಏನಾದ್ರೂ ಬೇಜಾರಾ?" ಅಂತ. ಬೇಜಾರೂ ಇಲ್ಲ, ಏನೂ ಇಲ್ಲ. ಇವರು ಒಂದು ಮಾತು ಪೂರ್ತಿ ಮಾಡೋಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿ, ಆರಿ, ಕೆನೆ ಕಟ್ಟಿರುತ್ತೆ. ನಾನು ಅದಕ್ಕೆ ತದ್ವಿರುದ್ಧ. ನನ್ನ ಬಾಯಿಗೆ ಬ್ರೇಕಿಲ್ಲ ಅನ್ನೋದು ಬೀದಿಗೆಲ್ಲ ಗೊತ್ತು. ಅಂಥ ನಾನು ಒಂದೇ ಒಂದು ಸಲ, ಮಾತಾಡಲೇಬೇಕಾದ ಜಾಗದಲ್ಲಿ, ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅದನ್ನೇ ಈಗ ಹೇಳೋಕೆ ಹೊರಟಿರೋದು.

ಇವರ ಕೆಲಸದ ಪದ್ಧತಿ ಒಂದಿದೆ, ಮೊದಲು ಅದನ್ನ ಹೇಳಿಬಿಡ್ತೀನಿ. ಗೀಸರ್ ಇರಲಿ, ಫ್ಯಾನ್ ಇರಲಿ, ಮೊದಲು ಹೋಗಿ ಮೇನ್ ಸ್ವಿಚ್ ಆಫ್ ಮಾಡ್ತಾರೆ. ಎಡಗಾಲಿನ ಚಪ್ಪಲಿ ಬಿಟ್ಟು ಆ ಬೋರ್ಡಿನ ಕೆಳಗೆ ಇಡ್ತಾರೆ. ಒಂದೇ ಚಪ್ಪಲಿಯಲ್ಲಿ ಟಕ್ ಟಕ್ ಅಂತ ವಾಪಸ್ ಬಂದು, ಟೆಸ್ಟರ್ ಇಟ್ಟು ನೋಡಿ, ಆಮೇಲೇ ವೈರ್ ಮುಟ್ಟೋದು. ಇವರಿಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ದಿನ ಏಣಿ ಮೇಲಿದ್ದಾಗ, ಆ ಮನೆಯವರು ಯಾರೋ ಫ್ಯಾನ್ ತಿರುಗ್ತಿಲ್ಲ ಅಂತ ಮೇನ್ ಆನ್ ಮಾಡಿಬಿಟ್ಟರಂತೆ. ಮೇಸ್ತ್ರಿ ಬದುಕಿಕೊಂಡರು, ಬಲಗೈ ಮಾತ್ರ ಮತ್ತೆ ಮೇಲೆ ಏಳಲಿಲ್ಲ. "ಬೋರ್ಡಿಗೆ ಚೀಟಿ ಅಂಟಿಸಿದ್ರೆ ಯಾರು ಓದ್ತಾರೆ? ಚಪ್ಪಲಿ ಬಿದ್ದಿದ್ರೆ, ಯಾರದಪ್ಪಾ ಇದು, ಒಂದೇ ಇದೆಯಲ್ಲ ಅಂತ ಕೈ ತಡೀತಾರೆ. ಅಷ್ಟು ಸಾಕು" ಅಂತಾರೆ ಇವರು.

ನಮ್ಮ ವಿಡಿಯೋ ಚಾನೆಲ್ ಶುರುವಾಗಿದ್ದು ನನ್ನಿಂದ. ಎದುರುಮನೆ ಟೈಲರ್ ಹೆಂಗಸು ಮಗಳ ಮನೆಗೆ ಹೋದವಳು ಫೋನ್ ಮಾಡಿ, ಮಿಕ್ಸಿ ಓಡ್ತಿಲ್ಲ, ಏನು ಮಾಡ್ಲಿ ಅಂದಳು. ಇವರು ನಮ್ಮ ಮಿಕ್ಸಿನ ಬೋರಲು ಹಾಕಿ, ತಳದಲ್ಲಿರೋ ಕೆಂಪು ಗುಂಡಿ ಒತ್ತಿ ತೋರಿಸಿದರು. ನಾನು ಮೊಬೈಲಲ್ಲಿ ಹಿಡಿದು ಕಳಿಸಿದೆ. ಅವಳು ಇನ್ಯಾರಿಗೋ ಕಳಿಸಿದಳು, ಅವರು ಮತ್ಯಾರಿಗೋ. ತಿಂಗಳೊಳಗೆ ಗುರುತಿಲ್ಲದವರೆಲ್ಲ "ಇಸ್ತ್ರಿಪೆಟ್ಟಿಗೆದೂ ಹೇಳಿಕೊಡಿ, ಮಾವ" ಅಂತ ಶುರುಮಾಡಿದರು. ಆಮೇಲೆ ನನಗೆ ಹುಚ್ಚು ಹತ್ತಿತು. ಆರು ವರ್ಷ ನಮ್ಮನೆ ಊಟದ ಮೇಜಿನ ಮೇಲೆ ಯಾರೂ ನೆಟ್ಟಗೆ ಕೂತು ಊಟ ಮಾಡಲಿಲ್ಲ. ಮೇಜೆಲ್ಲ ಲ್ಯಾಪ್‌ಟಾಪ್, ಲೈಟು, ಮೈಕು, ಬಿಚ್ಚಿದ ಮೋಟಾರುಗಳು. ಶೂಟ್ ಮಾಡೋದು ನಾನು, ಕತ್ತರಿಸಿ ಜೋಡಿಸೋದು ನಾನು, ಹಾಡು ಹಾಕೋದು ನಾನು. ಇವರದು ಕೈ ಮತ್ತು ಮುಖ ಅಷ್ಟೇ. ಒಂದು ದಿನಕ್ಕೂ ತಮ್ಮ ವಿಡಿಯೋ ತಾವು ನೋಡಿದವರಲ್ಲ. "ನನ್ನ ಮುಖ ನಾನೇ ನೋಡ್ಕೊಂಡು ಕೂರೋಕೆ ನಾನೇನು ಮದುಮಗನಾ?" ಅನ್ನೋರು.

ಜನ ವಿಡಿಯೋ ನೋಡ್ತಾ ನೋಡ್ತಾ ಎಲ್ಲಿ ಎದ್ದುಹೋಗ್ತಾರೆ ಅಂತ ತೋರಿಸೋಕೆ ಒಂದು ಗೆರೆ ಇರುತ್ತೆ. ನಮ್ಮ ಗೆರೆ ಎಲ್ಲಾ ವಿಡಿಯೋದಲ್ಲೂ ಒಂದೇ ಜಾಗದಲ್ಲಿ ದಬ್ಬನೆ ಬೀಳ್ತಿತ್ತು. ಇವರು ಮಾತಿಲ್ಲದೆ ಎದ್ದು, ಪಡಸಾಲೆ ದಾಟಿ, ಮೇನ್ ಆಫ್ ಮಾಡಿ, ಚಪ್ಪಲಿ ಇಟ್ಟು, ವಾಪಸ್ ಬಂದು ಟೆಸ್ಟರ್ ಇಡೋ ಜಾಗ. ಸರಿಯಾಗಿ ನಲವತ್ತು ಸೆಕೆಂಡು. ಮೊದಮೊದಲು ಇರಲಿ ಅಂತ ಬಿಟ್ಟೆ. ಆಮೇಲೆ ಒಂದು ದಿನ ಕತ್ತರಿಸಿ ನೋಡಿದೆ. ಗೆರೆ ನೆಟ್ಟಗೆ ನಿಂತಿತು. ಅವತ್ತಿಂದ ಎಲ್ಲದರಲ್ಲೂ ಕತ್ತರಿಸಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಕತ್ತರಿಸಿದ್ದೇ ಗೊತ್ತಾಗಬಾರದು, ಅಷ್ಟು ಚೆನ್ನಾಗಿ. ನನಗೆ ಅದರ ಜಂಬ ಬೇರೆ.

ನೋಡೋರಿಗೆ ಈಗ ಕಾಣ್ತಿದ್ದದ್ದು ಏನಪ್ಪಾ ಅಂದ್ರೆ, ಮಾವ ಎರಡೂ ಚಪ್ಪಲಿ ಹಾಕ್ಕೊಂಡು ಗೀಸರ್ ಮುಂದೆ ನಿಂತಿರ್ತಾರೆ, ಕಣ್ಣು ಮಿಟುಕಿಸೋದರಲ್ಲಿ ಎಡಗಾಲು ಬರಿಗಾಲು. ಶುರುವಾಯ್ತಲ್ಲ ತಮಾಷೆ! "ಮಾವನ ಚಪ್ಪಲಿ ನಾಯಿ ಎತ್ಕೊಂಡು ಹೋಯ್ತಾ?" "ಅತ್ತೆ ಹೊಡೆಯೋಕೆ ಇಸ್ಕೊಂಡ್ರಾ?" ಕೊನೆಗೆ ಇವರಿಗೆ ಒಂಟಿಚಪ್ಪಲಿ ಮಾವ ಅಂತಲೇ ಹೆಸರು ಬಿತ್ತು. ಜನ ತಾವೂ ಒಂದು ಚಪ್ಪಲಿ ಬಿಟ್ಟು ಮಿಕ್ಸಿ ರಿಪೇರಿ ಮಾಡಿ ಫೋಟೋ ಕಳಿಸೋರು. ನಾನು ಹೊಟ್ಟೆ ಹಿಡಿದುಕೊಂಡು ನಗ್ತಿದ್ದೆ. ಇವರು ಒಂದು ಸಲ ಕೇಳಿದರು, "ಚಪ್ಪಲಿ ಯಾಕೆ ಅಂತ ಹೇಳಿಬಿಡೋಣ ಅಲ್ವಾ?"

"ವಿಡಿಯೋದಲ್ಲೇ ಇದೆಯಲ್ಲಾ, ನೋಡೋರು ನೋಡ್ಕೋತಾರೆ ಬಿಡ್ರೀ" ಅಂದೆ.

ಇಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ.

ಹೋದ ವರ್ಷ ಒಂದು ಮಧ್ಯಾಹ್ನ ಒಬ್ಬ ಹುಡುಗಿಯ ಮೆಸೇಜು ಬಂತು. ನಗುವಿನ ಗೊಂಬೆಗಳ ಮಧ್ಯೆ ಅದೊಂದೇ ಬರೀ ಅಕ್ಷರ. "ನಮ್ಮಪ್ಪ ನಿಮ್ಮ ಗೀಸರ್ ವಿಡಿಯೋ ನೋಡಿಕೊಂಡು ರಿಪೇರಿ ಮಾಡುವಾಗ ಕರೆಂಟ್ ಹೊಡೆದು ಹೋಗಿಬಿಟ್ಟರು. ಕೇಸು ಹಾಕೋಕೆ ಅಲ್ಲ. ಅಮ್ಮನಿಗೆ ನಿಮ್ಮ ಹತ್ರ ಒಂದು ವಿಷಯ ಕೇಳಬೇಕಂತೆ." ಇಂಥ ಕಳ್ಳ ಮೆಸೇಜು ಎಷ್ಟು ಬರಲ್ಲ, ಅಳಿಸಿಬಿಡೋಣ ಅಂತ ಬೆರಳು ಹೋಯ್ತು. ಅಷ್ಟರಲ್ಲಿ ಇವರು ಹಿಂದೆ ನಿಂತು ಓದಿಬಿಟ್ಟಿದ್ದರು. "ವಿಳಾಸ ಕೇಳು" ಅಂದು ಸ್ಕೂಟರ್ ಕೀಲಿ ತಗೊಂಡರು.

ಎರಡು ರೂಮಿನ ಮನೆ. ತೀರಿಕೊಂಡವರು ರಿಟೈರಾದ ಬಸ್ ಕಂಡಕ್ಟರ್. ಅಂಗಿ ಇನ್ನೂ ಮೊಳೆಗೆ ನೇತಾಡ್ತಿತ್ತು. ಅವರ ಹೆಂಡತಿ, ಅರವತ್ತು ದಾಟಿದ ಹೆಂಗಸು, ಅಳಲಿಲ್ಲ, ಬೈಯಲಿಲ್ಲ. ನಮ್ಮನ್ನ ಕೂರಿಸಿ ನೀರು ಕೊಟ್ಟರು. ಆಮೇಲೆ ಇವರನ್ನೇ ನೋಡ್ತಾ ಹೇಳಿದರು, "ನೋಡಪ್ಪ, ನಮ್ಮೆಜಮಾನರು ಬಲು ಜಾಗರೂಕತೆ ಮನುಷ್ಯ. ರಬ್ಬರ್ ಚಪ್ಪಲಿ ಇಲ್ಲದೆ ಬಚ್ಚಲಿಗೆ ಕಾಲಿಟ್ಟವರಲ್ಲ. ಅವತ್ತು ಒಂದು ಚಪ್ಪಲಿನ ಬಚ್ಚಲ ಬಾಗಿಲ ಹೊರಗೆ ನೀಟಾಗಿ ಬಿಟ್ಟಿದ್ರು. ಎಡಗಾಲು ಒದ್ದೆ ನೆಲದ ಮೇಲಿತ್ತು. ಯಾಕೆ ಬಿಟ್ರು? ಅದೊಂದು ನನಗೆ ಹೇಳಿಬಿಡಿ. ಯೋಚನೆ ಮಾಡಿ ಮಾಡಿ ತಲೆ ಕೆಟ್ಟುಹೋಗಿದೆ."

ಮಗಳು ಅಪ್ಪನ ಮೊಬೈಲ್ ತಂದು ಇವರ ಕೈಗೆ ಕೊಟ್ಟಳು. ರಿಪೇರಿ ಮಾಡುವಾಗ ಅವರು ಅದನ್ನ ಸೋಪಿನ ಹಲಗೆ ಮೇಲೆ ಒರಗಿಸಿಟ್ಟು ನೋಡ್ತಿದ್ದರಂತೆ. ಇವರು ತಮ್ಮ ವಿಡಿಯೋನ ಜೀವನದಲ್ಲಿ ಮೊದಲನೇ ಸಲ ನೋಡಿದ್ದು ಅಲ್ಲಿ. ಎರಡು ಚಪ್ಪಲಿ. ಒಂದು ಚಪ್ಪಲಿ. ಸ್ಕ್ರೂಡ್ರೈವರ್. ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ನನ್ನ ಕಡೆ ತಿರುಗ್ತಾರೆ, ಈಗ ತಿರುಗ್ತಾರೆ ಅಂತ ಕಾಯ್ತಾ ಕೂತಿದ್ದೆ. ತಿರುಗಲಿಲ್ಲ.

"ಮೇನ್ ಆಫ್ ಮಾಡಿ ಅದರ ಕೆಳಗೆ ಚಪ್ಪಲಿ ಇಡೋದು ನನ್ನ ಅಭ್ಯಾಸ ಅಮ್ಮ, ಯಾರೂ ಆನ್ ಮಾಡದಿರಲಿ ಅಂತ" ಅಂದರು. "ಅದನ್ನ ತೋರಿಸೋದು ಮರೆತೆ. ತಪ್ಪು ನನ್ನದು."

ಇಪ್ಪತ್ತೇಳು ವರ್ಷದಲ್ಲಿ ಒಂದು ದಿನ ಮರೆತವರಲ್ಲ. ನಾನು ಬಾಯಿ ತೆಗೀಬೇಕಿತ್ತು. ಕೈಯಲ್ಲಿ ಸ್ಟೀಲ್ ಲೋಟ ಇತ್ತು, ಅದರೊಳಗಿನ ನೀರನ್ನೇ ನೋಡ್ತಾ ಕೂತೆ. ಆ ಹೆಂಗಸು "ಹಾಗಾದ್ರೆ ಅದಕ್ಕೆ" ಅಂದರು. ಇನ್ನೊಂದು ಸಲ "ಅದಕ್ಕೆ" ಅಂದರು. ನಾವು ಎದ್ದು ಬಂದೆವು.

ಮನೆಗೆ ಬಂದು ಇವರು ಬಾಗಿಲಲ್ಲೇ ನಿಂತು ಕೇಳಿದರು, "ಎಲ್ಲದರಲ್ಲೂ?"

"ಹೂಂ."

"ಎಷ್ಟು?"

"ನಲವತ್ತು ಸೆಕೆಂಡು. ಜನ ಅಲ್ಲೇ ಎದ್ದುಹೋಗ್ತಿದ್ರು ರೀ."

ತಲೆ ಆಡಿಸಿ ಒಳಗೆ ಹೋದರು. ಬಾಯಿಗೆ ಬಂದ ಹಾಗೆ ಬೈದಿದ್ರೆ ನಾನೂ ನಾಲ್ಕು ಮಾತು ತಿರುಗಿ ಅಂದು, ಅತ್ತು ಹಗುರ ಆಗ್ತಿದ್ದೆ. ಆ ಪುಣ್ಯಾತ್ಮ ಅದಕ್ಕೂ ದಾರಿ ಬಿಡಲಿಲ್ಲ.

ಮೂರನೇ ದಿನ "ಇನ್ನು ಸಾಕು, ನಿಲ್ಲಿಸೋಣ" ಅಂದರು. ಅದೇ ತಿಂಗಳು ಒಂದು ಟೂಲ್ಸ್ ಕಂಪನಿಯವರು ಇವರ ಫೋಟೋ ಡಬ್ಬದ ಮೇಲೆ ಹಾಕ್ತೀವಿ ಅಂತ ಬಂದಿದ್ದರು, ಅವರಿಗೂ ಬೇಡ ಅಂದುಬಿಟ್ಟರು. ಆಗಲೂ ನನ್ನ ಬುದ್ಧಿ ಎಲ್ಲಿತ್ತು ಕೇಳಿ. ಹೋಗೋದಾದ್ರೆ ಮರ್ಯಾದೆಯಾಗಿ, ಚೆಂದವಾಗಿ ಹೋಗೋಣ ಅಂತ ಕೂತು ಒಂದು ಪುಟ ಬರೆದೆ. ಆರೋಗ್ಯ ಸರಿಯಿಲ್ಲ, ಮನೆಯವರ ಜೊತೆ ಕಾಲ ಕಳೀಬೇಕು, ನಿಮ್ಮ ಪ್ರೀತಿಗೆ ಋಣಿ, ಇತ್ಯಾದಿ. ಇವರು ಪೂರ್ತಿ ಓದಿ, ನಾಲ್ಕು ಮಡಿಕೆ ಮಾಡಿ, ಟೂಲ್ ಪೆಟ್ಟಿಗೆಯಲ್ಲಿ ಅಲ್ಲಾಡ್ತಿದ್ದ ಒಂದು ಡಬ್ಬಿ ಕೆಳಗೆ ಒತ್ತುಕೊಟ್ಟರು.

ಕೊನೇ ವಿಡಿಯೋ ನಮ್ಮ ಬಚ್ಚಲಲ್ಲೇ, ಅದೇ ಗೀಸರ್ ಮುಂದೆ. ನಾನು ಕ್ಯಾಮೆರಾ ಹಿಡಿದಿದ್ದೆ. ಇವರು ನಡೆದರು, ನಾನು ಹಿಂದೆ ಹೋದೆ. ಮೇನ್ ಆಫ್ ಮಾಡಿದರು. ಚಪ್ಪಲಿ ಬಿಟ್ಟರು. ಕ್ಯಾಮೆರಾ ಕಡೆ ನೋಡಿ, ಜೀವಮಾನದಲ್ಲೇ ಉದ್ದದ ಮಾತು ಆಡಿದರು. "ಈ ಚಪ್ಪಲಿ ತಮಾಷೆಗಲ್ಲ. ಮೇನ್ ಆಫ್ ಆಗಿದೆ ಅನ್ನೋ ಗುರುತು. ಇದನ್ನ ನಾನು ನಿಮಗೆ ತೋರಿಸಲಿಲ್ಲ. ಅದರಿಂದ ಒಬ್ಬರ ಜೀವ ಹೋಯ್ತು. ಹಳೇ ವಿಡಿಯೋ ಎಲ್ಲಾ ತೆಗೀತಿದ್ದೀನಿ. ದಯವಿಟ್ಟು ಯಾರ ಹತ್ರಾನಾದ್ರೂ ಇದ್ರೆ ಅಳಿಸಿಬಿಡಿ. ಇನ್ನು ನಾನು ಬರಲ್ಲ." ಮೇಜಿನ ಮುಂದೆ ನಾನು ಕೂತಾಗ ಭುಜದ ಮೇಲೆ ಕೈ ಇಟ್ಟರು. "ಇದಕ್ಕೆ ಕತ್ತರಿ ಹಾಕಬೇಡ, ಕಣೇ" ಅಂದರು. ಅಷ್ಟೇ. ಅದಕ್ಕಿಂತ ಹೆಚ್ಚು ಇವತ್ತಿನವರೆಗೂ ಅಂದಿಲ್ಲ.

ಮುನ್ನೂರ ಹನ್ನೆರಡು ವಿಡಿಯೋ. ಒಂದೊಂದಾಗಿ ನಾನೇ ಅಳಿಸಿದೆ. ನಾಲ್ಕು ದಿನ ಹಿಡೀತು, ಯಾಕೆ ಅಂದ್ರೆ ಅಳಿಸೋಕೆ ಮುಂಚೆ ಕತ್ತರಿಸಿದ ಜಾಗ ನೋಡದೆ ಇರೋಕೆ ಆಗ್ತಿರಲಿಲ್ಲ. ಆ ಕಡೆ ಕೊನೇ ವಿಡಿಯೋಗೆ ಹೊಗಳಿಕೆಯೋ ಹೊಗಳಿಕೆ. "ಹೋದ್ರೆ ಹೀಗೆ ಹೋಗಬೇಕು." "ಎಂಥಾ ಘನತೆ, ಮಾವ!" "ತಪ್ಪು ಒಪ್ಕೊಳ್ಳೋಕೂ ಗುಂಡಿಗೆ ಬೇಕು." ಓದ್ತಾ ಓದ್ತಾ ನನ್ನ ಮೈಯೆಲ್ಲ ಉರಿದುಹೋಯ್ತು. ಮಾಡದ ತಪ್ಪು ಹೊತ್ತವರಿಗೆ ಘನತೆ, ಮಾಡಿದವಳಿಗೆ ಅತ್ತೆ ಅಂತ ಹೃದಯದ ಗೊಂಬೆ! ಇವರೋ, ಬೆಳಿಗ್ಗೆ ಎದ್ದು ಟೂಲ್ ಪೆಟ್ಟಿಗೆ ಸ್ಕೂಟರಿಗೆ ಕಟ್ಟಿಕೊಂಡು ಮನೆಮನೆ ಕೆಲಸಕ್ಕೆ ಹೊರಟರು, ಮೊದಲಿನ ಹಾಗೆ. ಯಾರಾದ್ರೂ ಗುರುತು ಹಿಡಿದು ಒಂಟಿಚಪ್ಪಲಿ ಮಾವ ಅಂದ್ರೆ, "ಅವರು ಬೇರೆ" ಅಂತಾರಂತೆ.

ಎರಡು ತಿಂಗಳು ತಡಕೊಂಡೆ. ಒಂದು ದಿನ ಇವರು ಕೆಲಸಕ್ಕೆ ಹೋದಮೇಲೆ ಬಸ್ ಹತ್ತಿ ಆ ಮನೆಗೆ ಹೋದೆ. ಮಗಳು ಇರಲಿಲ್ಲ. ಆ ಹೆಂಗಸು ಬಾಗಿಲು ತೆಗೆದು, "ಬಾಮ್ಮ" ಅಂದರು. ಮೊಳೆಗೆ ಅಂಗಿ ಇರಲಿಲ್ಲ. ಬಚ್ಚಲ ಬಾಗಿಲ ಹತ್ರ ಒಂದು ಸ್ಟೂಲು, ಅದರ ಮೇಲೆ ಬಕೆಟ್ಟು. ನೀರು ಒಲೆ ಮೇಲೆ ಕಾಯಿಸಿಕೊಳ್ತಿದ್ದರು ಅಂತ ಕಾಣುತ್ತೆ.

ಕೂರಲಿಲ್ಲ ನಾನು. ಕೂತ್ರೆ ಮತ್ತೆ ಲೋಟ ಹಿಡ್ಕೊಂಡು ಸುಮ್ಮನಾಗಿಬಿಡ್ತೀನಿ ಅನ್ನೋ ಭಯ.

"ಇವರು ಮರೆತಿರಲಿಲ್ಲ ಅಮ್ಮ. ಆ ವಿಡಿಯೋ ಮಾಡಿದ ದಿನವೂ ಮೇನ್ ಆಫ್ ಮಾಡಿದ್ರು. ನಾನು ಅದನ್ನ ಕತ್ತರಿಸಿ ಹಾಕಿದೆ. ನಾನೇ."

ಅವರು ನನ್ನನ್ನ ನೋಡಿದರು. ಹೊಡೆದ್ರೆ ಹೊಡೀಲಿ ಅಂತ ನಿಂತಿದ್ದೆ.

"ಯಾಕೆ?"

"ಜನಕ್ಕೆ ಬೇಜಾರಾಗುತ್ತೆ ಅಂತ."

"ಎಷ್ಟು ಹೊತ್ತಿಂದು ಅದು?"

"ನಲವತ್ತು ಸೆಕೆಂಡು."

ಅವರು ಗೋಡೆ ಗಡಿಯಾರದ ಕಡೆ ತಿರುಗಿದರು. ಸೆಕೆಂಡಿನ ಕೆಂಪು ಮುಳ್ಳು ಹನ್ನೆರಡಕ್ಕೆ ಬರೋವರೆಗೆ ಕಾದರು. ಆಮೇಲೆ ಅದರ ಜೊತೆಗೇ ಕಣ್ಣು ನಡೆಸಿದರು. ನಾನೂ ನೋಡಿದೆ. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೀತಿದ್ದ ಸದ್ದು ಕೇಳ್ತಿತ್ತು. ಮುಳ್ಳು ಮೂರು ದಾಟಿತು, ಆರು ದಾಟಿತು, ಎಂಟಕ್ಕೆ ಬಂತು.

"ಇಷ್ಟೇನಾ?" ಅಂದರು.

"ಇಷ್ಟೇ" ಅಂದೆ.